ಲಾರಿ ಕೆಲಸ ಹಿಡಿಯುವ ಮುನ್ನ: ಮನೆಯವರ ಆಸ್ಪತ್ರೆ ಖರ್ಚಿಗೆ ಯಾವ ದಾರಿ ಗಟ್ಟಿ?

ಹೆವಿ ಲೈಸೆನ್ಸ್ ಇದ್ದವರಿಗೆ ಕೆಲಸಕ್ಕೆ ಬರವಿಲ್ಲ. ಯಶವಂತಪುರದ ಯಾರ್ಡಿಗೆ ಹೋಗಲಿ, ಹುಬ್ಬಳ್ಳಿ, ದಾವಣಗೆರೆ, ಹೊಸಪೇಟೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಹೋಗಲಿ, ಡ್ರೈವರ್ ಬೇಕು ಎನ್ನುವ ಓನರ್‌ಗಳು ಸಿಗುತ್ತಾರೆ. ಮಾತು ಶುರುವಾಗುವುದು ಸಂಬಳ ಎಷ್ಟು, ಬಾಟಾ (ದಾರಿ ಖರ್ಚಿನ ಹಣ) ಎಷ್ಟು ಎಂಬಲ್ಲಿ. ಮುಗಿಯುವುದೂ ಅಲ್ಲೇ. ಲಾರಿ ಸೂರತ್ ದಾಟಿರುವಾಗ ಊರಲ್ಲಿ ಅಮ್ಮನಿಗೆ ಎದೆನೋವು ಬಂದರೆ ಆಸ್ಪತ್ರೆಯ ಅಡ್ವಾನ್ಸ್ ಯಾರು ಕಟ್ಟುತ್ತಾರೆ ಎಂದು ಕೆಲಸಕ್ಕೆ ಸೇರುವ ದಿನ ಯಾರೂ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಒಂದೇ ಲೈಸೆನ್ಸಿನಲ್ಲಿ ಹಿಡಿಯಬಹುದಾದ ನಾಲ್ಕು ಬಗೆಯ ಕೆಲಸಗಳಿವೆ, ಒಂದೊಂದರಲ್ಲೂ ಮನೆಯವರ ಚಿಕಿತ್ಸೆಯ ವ್ಯವಸ್ಥೆ ಬೇರೆ ಬೇರೆ.

ಆ ನಾಲ್ಕು ಇವು: ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುವ ಟ್ರಾನ್ಸ್‌ಪೋರ್ಟ್ ಕಂಪನಿ ಅಥವಾ ಗುತ್ತಿಗೆದಾರರ ಬಳಿ ಕೆಲಸ, ಒಂದೆರಡು ಗಾಡಿ ಇಟ್ಟುಕೊಂಡ ಓನರ್ ಹತ್ತಿರ ನಗದು ಲೆಕ್ಕದ ಕೆಲಸ, ಸಾರಿಗೆ ನಿಗಮ ಅಥವಾ ಸರ್ಕಾರಿ ಇಲಾಖೆಯ ಡ್ರೈವರ್ ಹುದ್ದೆ, ಸಾಲ ಮಾಡಿ ಸ್ವಂತ ಲಾರಿ. ಮನೆಯಲ್ಲಿ ಯಾರಿಗಾದರೂ ದಿನಾ ಮಾತ್ರೆ ನುಂಗಬೇಕಾದ ಕಾಯಿಲೆ ಇದ್ದರೆ, ನಗದು ಲೆಕ್ಕದಲ್ಲಿ ಮೂರು ನಾಲ್ಕು ಸಾವಿರ ಹೆಚ್ಚು ಸಿಕ್ಕರೂ ಇಎಸ್‌ಐ ಇರುವ ಕೆಲಸವೇ ಲಾಭ. ಹಾಗೇಕೆ ಎಂಬುದಕ್ಕೆ ಲೆಕ್ಕ ಮುಂದಿದೆ.

ಇಎಸ್‌ಐ ಇರುವ ಕೆಲಸ

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಾರಿಗೆ ಸಂಸ್ಥೆಗೆ ಇಎಸ್‌ಐ ಅನ್ವಯಿಸುತ್ತದೆ. ಸಂಬಳ ತಿಂಗಳಿಗೆ ₹21,000 ಮೀರದ ಕೆಲಸಗಾರರು ಇದರೊಳಗೆ ಬರುತ್ತಾರೆ. 2019ರ ಜುಲೈಯಿಂದ ವಂತಿಗೆಯ ದರ ಹೀಗಿದೆ: ಓನರ್ ಕಡೆಯಿಂದ ಸಂಬಳದ ಶೇ. 3.25, ಡ್ರೈವರ್ ಕಡೆಯಿಂದ ಶೇ. 0.75. ಸಂಬಳ ₹14,000 ಇದ್ದರೆ ನಿಮ್ಮಿಂದ ಮುರಿಯುವುದು ₹105, ಓನರ್ ಸೇರಿಸುವುದು ₹455. ಇಬ್ಬರದೂ ಸೇರಿ ವರ್ಷಕ್ಕೆ ₹6,720. ಈ ಹಣಕ್ಕೆ ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿಕೊಂಡ ತಂದೆತಾಯಿ ಎಲ್ಲರನ್ನೂ ಒಳಗೊಳ್ಳುವ ಪಾಲಿಸಿ ಹೊರಗೆ ಸಿಗುವುದಿಲ್ಲ. ಹೆತ್ತವರನ್ನು ಸೇರಿಸಲು ಅವರ ಆದಾಯ ತಿಂಗಳಿಗೆ ₹9,000 ದಾಟಿರಬಾರದು. ಓದುತ್ತಿರುವ ಮಗನಿಗೆ 21 ವರ್ಷದವರೆಗೆ, ಮಗಳಿಗೆ ಮದುವೆಯಾಗುವವರೆಗೆ ಸೌಲಭ್ಯ ಉಂಟು.

ಇಎಸ್‌ಐನ ನಿಜವಾದ ಬಲ ಎರಡು ಕಡೆ. ಒಂದು, ಚಿಕಿತ್ಸೆಯ ಖರ್ಚಿಗೆ ಇಷ್ಟೇ ಲಕ್ಷ ಎಂಬ ಮಿತಿ ಇಲ್ಲ. ಐದು ಲಕ್ಷದ ಪಾಲಿಸಿ ಐಸಿಯುನಲ್ಲಿ ಹತ್ತು ದಿನಕ್ಕೆ ಕರಗಿಹೋಗಬಹುದು. ಇಲ್ಲಿ ಆ ಭಯವಿಲ್ಲ. ಇನ್ನೊಂದು, ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್‌ಗೆ ತಿಂಗಳು ತಿಂಗಳು ಬೇಕಾಗುವ ಮಾತ್ರೆ ಡಿಸ್ಪೆನ್ಸರಿಯಲ್ಲಿ ಪುಕ್ಕಟೆ. ಸರ್ಕಾರದ ಆರೋಗ್ಯ ಕರ್ನಾಟಕ ಕಾರ್ಡಾಗಲಿ ಖಾಸಗಿ ಪಾಲಿಸಿಯಾಗಲಿ ಮುಖ್ಯವಾಗಿ ನಿಲ್ಲುವುದು ಅಡ್ಮಿಟ್ ಆದಾಗ. ಮೆಡಿಕಲ್ ಶಾಪಿನ ತಿಂಗಳ ಬಿಲ್ಲನ್ನು ಅವು ಸಾಮಾನ್ಯವಾಗಿ ಹೊರುವುದಿಲ್ಲ. ಹಲವು ಮನೆಗಳನ್ನು ಸದ್ದಿಲ್ಲದೆ ಸಾಲಕ್ಕೆ ತಳ್ಳುವುದು ಆ ಬಿಲ್ಲೇ.

ಮೊದಲಿನಿಂದ ಇದ್ದ ಕಾಯಿಲೆಗೆ ಇಲ್ಲಿ ಕಾಯುವ ಅವಧಿಯೂ ಇಲ್ಲ. ಸೇರಿದ ದಿನದಿಂದಲೇ ಮನೆಯವರಿಗೆ ಸಾಮಾನ್ಯ ಚಿಕಿತ್ಸೆ ಸಿಗುತ್ತದೆ. ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್‌ನಂಥ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಇಷ್ಟು ಕಾಲ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ. ಹಾಗಾಗಿ ಕಾಯಿಲೆ ಗೊತ್ತಾದ ಮೇಲೆ ಇಎಸ್‌ಐ ಕೆಲಸ ಹುಡುಕುವುದಕ್ಕಿಂತ ಮೊದಲೇ ಹಿಡಿಯುವುದು ಜಾಣತನ.

ಡ್ರೈವರ್ ತಾನೇ ಮಲಗಿದರೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಹಣ ಬರುತ್ತದೆ. ಅದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಜಮೆಯಾಗಿರಬೇಕು. ಏಪ್ರಿಲ್–ಸೆಪ್ಟೆಂಬರ್ ಕಟ್ಟಿದ್ದು ಮುಂದಿನ ಜನವರಿ–ಜೂನ್‌ಗೆ, ಅಕ್ಟೋಬರ್–ಮಾರ್ಚ್ ಕಟ್ಟಿದ್ದು ಜುಲೈ–ಡಿಸೆಂಬರ್‌ಗೆ ಲೆಕ್ಕಕ್ಕೆ ಬರುತ್ತದೆ. ಕೆಲಸದ ಮೇಲೆ ಗಾಯವಾಗಿ ಕೂತರೆ ಶೇ. 90, ಅದಕ್ಕೆ 78 ದಿನದ ಷರತ್ತಿಲ್ಲ.

ಇನ್ನು ಬಾಟಾ ವಿಷಯ. ದಾರಿ ಖರ್ಚಿಗೆಂದು ಕೊಡುವ ಬಾಟಾ ಇಎಸ್‌ಐ ಲೆಕ್ಕದ ಸಂಬಳಕ್ಕೆ ಸೇರುವುದಿಲ್ಲ. ₹14,000 ಸಂಬಳ, ₹10,000 ಬಾಟಾ ಎಂದಾದರೆ ಕೈಗೆ ₹24,000 ಬಂದರೂ ನೀವು ₹21,000ದ ಮಿತಿಯೊಳಗೇ ಇರುತ್ತೀರಿ. ಇದರ ಇನ್ನೊಂದು ಮುಖವನ್ನೂ ನೋಡಬೇಕು: ಕಾಯಿಲೆ ಬಿದ್ದಾಗ ಬರುವ ಶೇ. 70 ಲೆಕ್ಕವಾಗುವುದು ₹14,000ಕ್ಕೆ ಮಾತ್ರ. ಅಂದರೆ ತಿಂಗಳಿಗೆ ಸುಮಾರು ₹9,800. ಮನೆ ನಡೆಯುತ್ತಿದ್ದುದು ₹24,000ದಲ್ಲಿ. ಸಂಬಳ ಕಡಿಮೆ, ಬಾಟಾ ಜಾಸ್ತಿ ತೋರಿಸುವ ಓನರ್ ತನ್ನ ವಂತಿಗೆ ಉಳಿಸುತ್ತಾನೆ, ನಿಮ್ಮ ಕಾಯಿಲೆ ಭತ್ಯೆ ಕುಗ್ಗಿಸುತ್ತಾನೆ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ಬಾಟಾದಂಥ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟನ್ನು ಸಂಬಳವೆಂದೇ ಲೆಕ್ಕ ಹಿಡಿಯಬೇಕು. ₹8,000 ಸಂಬಳ, ₹16,000 ಬಾಟಾ ಎನ್ನುವ ಚೀಟಿ ಕೊಟ್ಟರೆ ಈ ಮಾತು ಎತ್ತಿ.

ಸಂಬಳ ಏರಿ ₹21,000 ದಾಟಿದರೆ ಮರುದಿನವೇ ಹೊರಗೆ ಹಾಕುವುದಿಲ್ಲ. ಆ ವಂತಿಗೆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ವಂತಿಗೆ ಮುಂದುವರಿಯುತ್ತದೆ. ಓವರ್‌ಟೈಮ್ ಹಣವನ್ನು ಈ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮ್ಮನಿಗೆ ಡಯಾಲಿಸಿಸ್ ನಡೆಯುತ್ತಿರುವಾಗ ₹20,500ರಿಂದ ₹21,500ಕ್ಕೆ ಏರಿಸುತ್ತೇನೆ ಎಂದರೆ ಆ ಸಾವಿರ ರೂಪಾಯಿ ಲಾಭವೋ ನಷ್ಟವೋ ಎಂದು ಕೂತು ಲೆಕ್ಕ ಹಾಕಿ.

ಇಎಸ್‌ಐ ಎಲ್ಲಿ ಕೈಕೊಡುತ್ತದೆ

ಕಾಗದದ ಮೇಲೆ ಇಷ್ಟು ಚೆನ್ನಾಗಿರುವುದು ಆಸ್ಪತ್ರೆ ಬಾಗಿಲಲ್ಲಿ ಏಕೆ ಮುಗ್ಗರಿಸುತ್ತದೆ? ಬಹುತೇಕ ಕಾರಣ ಡ್ರೈವರ್‌ಗಳ ಹೆಸರು ನೋಂದಾಯಿಸುವ ರೀತಿಯಲ್ಲೇ ಇರುತ್ತದೆ.

ಸಂಬಳದಲ್ಲಿ ಹಣ ಮುರಿದು ಜಮೆ ಮಾಡದ ಓನರ್‌ಗಳಿದ್ದಾರೆ. ಹದಿನೈದು ಡ್ರೈವರ್‌ಗಳಿದ್ದರೂ ಎಂಟೇ ಹೆಸರು ತೋರಿಸಿ ಉಳಿದವರನ್ನು ‘ಟ್ರಿಪ್ ಲೆಕ್ಕದವರು’ ಎನ್ನುವವರೂ ಇದ್ದಾರೆ. ಆದ್ದರಿಂದ ಸೇರುವಾಗಲೇ ಸಂಸ್ಥೆಯ 17 ಅಂಕಿಯ ಇಎಸ್‌ಐ ಕೋಡ್ ಕೇಳಿ. ಅಲ್ಲೇ ದುಡಿಯುವ ಹಳೆಯ ಡ್ರೈವರ್‌ಗೆ ಕಾರ್ಡ್ ಇದೆಯೇ, ಅವರ ಮನೆಯವರು ಆಸ್ಪತ್ರೆಗೆ ಹೋಗಿ ಬಂದಿದ್ದಾರೆಯೇ ವಿಚಾರಿಸಿ. ನಿಮಗೆ 10 ಅಂಕಿಯ ವಿಮಾ ಸಂಖ್ಯೆ ಬಂದಿರಬೇಕು. ತಿಂಗಳ ವಂತಿಗೆಯನ್ನು ಓನರ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. 20ನೇ ತಾರೀಖಿನ ಹೊತ್ತಿಗೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನೋಡಿದರೆ ಜಮೆಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸತತ ಎರಡು ತಿಂಗಳು ಖಾಲಿ ಕಂಡರೆ ಸುಮ್ಮನಿರಬೇಡಿ. ಇಎಸ್‌ಐ ನಿಗಮದ ಶಾಖಾ ಕಚೇರಿಗೆ ಸಂಬಳ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್ ನಕಲು ಇಟ್ಟು ಬರೆದು ಕೊಡಿ. ಸಂಬಳ ಪೂರ್ತಿ ನಗದಿನಲ್ಲಿ ಪಡೆದವರಿಗೆ ತೋರಿಸಲು ಏನೂ ಇರುವುದಿಲ್ಲ. ಬಾಟಾ ನಗದಿನಲ್ಲಿ ಬಂದರೂ ಸಂಬಳ ಬ್ಯಾಂಕಿಗೇ ಬರಲಿ ಎಂದು ಹಟ ಹಿಡಿಯುವುದು ಅದಕ್ಕೇ.

ಮನೆಯವರ ಹೆಸರು ಸೇರಿಸದೇ ಬಿಡುವುದು ಇನ್ನೊಂದು ತೊಡಕು. ಓನರ್‌ನ ಆಫೀಸಿನ ಹುಡುಗ ಡ್ರೈವರ್ ಹೆಸರೊಂದನ್ನೇ ತುಂಬಿ ಕೈತೊಳೆದುಕೊಳ್ಳುತ್ತಾನೆ. ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಎಲ್ಲರ ಆಧಾರ್, ಹುಟ್ಟಿದ ದಿನಾಂಕ, ಫೋಟೊ ಸೇರುವ ದಿನವೇ ಕೊಡಿ. ಆಧಾರ್‌ನಲ್ಲಿ ‘ಮಂಜುನಾಥ’, ಇಎಸ್‌ಐನಲ್ಲಿ ‘ಮಂಜುನಾಥ್ ಕೆ’ ಎಂದಿದ್ದರೂ ಕೌಂಟರ್‌ನಲ್ಲಿ ಅಲೆಸುತ್ತಾರೆ, ಅಕ್ಷರ ಅಕ್ಷರ ತಾಳೆ ನೋಡಿ. ನೀವು ನೆಲಮಂಗಲದ ಗೋದಾಮಿನ ಬಳಿ ಇದ್ದು ಮನೆಯವರು ಹಾವೇರಿಯಲ್ಲಿದ್ದರೆ, ಅವರು ಬೇರೆ ಊರಿನಲ್ಲಿದ್ದಾರೆ ಎಂದು ನಮೂದಿಸಿ ಅವರಿಗೆ ಹತ್ತಿರದ ಡಿಸ್ಪೆನ್ಸರಿ ಆಯ್ದುಕೊಳ್ಳಬೇಕು. ಎಲ್ಲರ ಡಿಸ್ಪೆನ್ಸರಿಯೂ ಬೆಂಗಳೂರಿನಲ್ಲೇ ಉಳಿದುಬಿಟ್ಟರೆ ಕಾರ್ಡಿದ್ದೂ ಇಲ್ಲದಂತೆ.

ದೂರವೂ ದೊಡ್ಡ ಸಮಸ್ಯೆ. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ; ಪೀಣ್ಯ, ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಮಂಗಳೂರು, ಬೆಳಗಾವಿಯಲ್ಲೂ ಆಸ್ಪತ್ರೆಗಳಿವೆ. ಮಲೆನಾಡಿನ ಮೂಲೆಯ ಹಳ್ಳಿಯಿಂದ, ರಾಯಚೂರಿನ ಒಳತಾಲ್ಲೂಕಿನಿಂದ ಪ್ರತಿ ತಿಂಗಳು ಮಾತ್ರೆಗೆ ಓಡಾಡುವುದು ಎಲ್ಲರಿಂದ ಆಗದು. ನಿಮ್ಮ ಊರಿಗೆ ಹತ್ತಿರದ ಡಿಸ್ಪೆನ್ಸರಿ ಎಷ್ಟು ಕಿಲೋಮೀಟರ್ ಎಂದು ಮೊದಲೇ ನೋಡಿಕೊಳ್ಳಿ. ಇಎಸ್‌ಐನಿಂದ ರೆಫರಲ್ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಸೇರಿಸಿ ಆಮೇಲೆ ಬಿಲ್ ಕೊಟ್ಟರೆ, ಜೀವಕ್ಕೆ ಅಪಾಯವಿದ್ದ ತುರ್ತಿನ ಹೊರತು ಹಣ ವಾಪಸ್ ಬರುವುದು ಕಷ್ಟ.

ಎಂಥ ಕಡೆ ಇಎಸ್‌ಐ ಸರಿಯಾಗಿ ಕಟ್ಟುತ್ತಾರೆ? ಕಾರ್ಖಾನೆ, ತೈಲ ಕಂಪನಿ, ದೊಡ್ಡ ಗೋದಾಮುಗಳಿಗೆ ಗುತ್ತಿಗೆಯ ಮೇಲೆ ಗಾಡಿ ಓಡಿಸುವವರ ಬಳಿ ಸಾಧ್ಯತೆ ಹೆಚ್ಚು. ಗುತ್ತಿಗೆದಾರ ವಂತಿಗೆ ತಪ್ಪಿಸಿದರೆ ಹೊಣೆ ಮೂಲ ಕಂಪನಿಯ ತಲೆಗೆ ಬರುವುದರಿಂದ, ಅವರು ಇಎಸ್‌ಐ ಚಲನ್ ನೋಡಿಯೇ ಬಿಲ್ ಪಾಸ್ ಮಾಡುವುದು ವಾಡಿಕೆ. ಟ್ಯಾಂಕರ್ ಓಡಿಸಲು ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ಆರೋಗ್ಯ ಸೌಲಭ್ಯವೇ ಮುಖ್ಯ ಎನ್ನುವವರಿಗೆ ಆ ಮೂರು ದಿನ ದಂಡವಲ್ಲ.

ನಗದು ಲೆಕ್ಕದ ಕೆಲಸ

ಒಂದು ಕಡೆ ₹24,000 ಮತ್ತು ಇಎಸ್‌ಐ, ಇನ್ನೊಂದು ಕಡೆ ₹28,000 ನಗದು ಎಂದಿಟ್ಟುಕೊಳ್ಳಿ. ವರ್ಷಕ್ಕೆ ವ್ಯತ್ಯಾಸ ₹48,000. ಅಪ್ಪ ಅಮ್ಮನ ಮಾತ್ರೆ, ರಕ್ತಪರೀಕ್ಷೆಗೆ ತಿಂಗಳಿಗೆ ₹2,000 ಹೋದರೂ ಅರ್ಧ ಅಲ್ಲೇ ಮುಗಿಯಿತು. ಉಳಿದ ₹24,000ದಲ್ಲಿ ಅರವತ್ತು ದಾಟಿದ ಹೆತ್ತವರನ್ನೂ ಸೇರಿಸಿ ಪಾಲಿಸಿ ಕೊಳ್ಳಬೇಕು, ನೀವು ಮಲಗಿದ ತಿಂಗಳುಗಳಿಗೂ ಎತ್ತಿಡಬೇಕು. ಸಾಲುವುದಿಲ್ಲ. ಅದೇ ಗಂಡ, ಹೆಂಡತಿ, ಒಂದು ಮಗು, ಯಾರಿಗೂ ಕಾಯಿಲೆಯಿಲ್ಲ, ಬಿಪಿಎಲ್ ಕಾರ್ಡ್ ಗಟ್ಟಿಯಾಗಿದೆ ಎಂದರೆ ₹28,000ದ ಕೆಲಸವೇ ಮೇಲು. ಆದರೆ ಹೆಚ್ಚಿಗೆ ಬಂದ ಹಣದಲ್ಲಿ ಪಾಲಿಸಿ ನಿಜವಾಗಿ ಕೊಂಡರೆ ಮಾತ್ರ.

ನಗದು ಲೆಕ್ಕದವರಿಗೆ ಆಸರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ₹1.5 ಲಕ್ಷದೊಳಗೆ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಪಟ್ಟಿಯ ಚಿಕಿತ್ಸೆಗಳಿಗೆ ಬೇಡ. ಡ್ರೈವರ್ ದಾರಿಯಲ್ಲಿರುವಾಗ ಮನೆಯವರು ಎಡವುವುದು ಈ ಚೀಟಿಯಲ್ಲೇ. ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ, ಆಮೇಲೆ ಖಾಸಗಿ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿರಿ. ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಆಧಾರ್, ರೇಷನ್ ಕಾರ್ಡ್ ತೋರಿಸಿ ಒಬ್ಬೊಬ್ಬರ ಕಾರ್ಡನ್ನೂ ಆರೋಗ್ಯವಾಗಿರುವಾಗಲೇ ಮಾಡಿಸಿ.

ಬಿಪಿಎಲ್ ಕಾರ್ಡ್ ಶಾಶ್ವತ ಎಂದು ನಂಬಬೇಡಿ. ಕುಟುಂಬದ ಆದಾಯ ವರ್ಷಕ್ಕೆ ₹1.2 ಲಕ್ಷ ಮೀರಬಾರದು ಎಂಬುದು ನಿಯಮ. ತಿಂಗಳಿಗೆ ₹14,000 ಸಂಬಳವೆಂದರೂ ವರ್ಷಕ್ಕೆ ₹1.68 ಲಕ್ಷ ಆಗುತ್ತದೆ. ಕಾರ್ಡುಗಳ ಪರಿಶೀಲನೆ ನಡೆದಾಗ ರದ್ದಾದರೆ ₹5 ಲಕ್ಷದ ಆಸರೆ ಶೇ. 30ಕ್ಕೆ ಕುಸಿಯುತ್ತದೆ. ಇಎಸ್‌ಐ ಇದ್ದವರು ಈ ಪೆಟ್ಟನ್ನು ತಡೆದುಕೊಳ್ಳುತ್ತಾರೆ, ನಗದು ಲೆಕ್ಕದವರು ಬಯಲಿಗೆ ಬೀಳುತ್ತಾರೆ.

ಹೆಂಡತಿ ಅಥವಾ ತಾಯಿ ಹಾಲಿನ ಡೇರಿಗೆ, ಸೊಸೈಟಿಗೆ ಸದಸ್ಯರಾಗಿದ್ದರೆ ಯಶಸ್ವಿನಿಯನ್ನು ಮರೆಯಬೇಡಿ. 2022ರ ಕೊನೆಗೆ ಮತ್ತೆ ಶುರುವಾದ ಈ ಯೋಜನೆಯಲ್ಲಿ ಗ್ರಾಮೀಣ ಸಹಕಾರ ಸಂಘದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ₹500 ಎಂದು ನಿಗದಿಯಾಯಿತು, ಮಿತಿ ₹5 ಲಕ್ಷ. ನೋಂದಣಿ ವರ್ಷಕ್ಕೊಮ್ಮೆ ಕೆಲವೇ ವಾರ ತೆರೆದಿರುತ್ತದೆ. ಆ ದಿನಗಳಲ್ಲಿ ನೀವು ಲೈನ್ ಮೇಲಿರುತ್ತೀರಿ, ಮನೆಯವರೇ ಸಂಘದ ಕಾರ್ಯದರ್ಶಿಯನ್ನು ಕೇಳುತ್ತಿರಲಿ.

ಚಾಲಕರಿಗಾಗಿ ರಾಜ್ಯದ ಸಾಮಾಜಿಕ ಭದ್ರತಾ ಯೋಜನೆಯೂ ಉಂಟು. ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ ₹5 ಲಕ್ಷ, ಅಪಘಾತದ ಆಸ್ಪತ್ರೆ ಖರ್ಚಿಗೆ ₹1 ಲಕ್ಷದವರೆಗೆ ಸಿಗುತ್ತದೆ. 2024ರ ಕಾಯ್ದೆಯಿಂದ ಕ್ಲೀನರ್, ಮೆಕ್ಯಾನಿಕ್‌ಗಳಿಗೂ ಈ ಭದ್ರತೆಯ ಬಾಗಿಲು ತೆರೆಯಿತು. ನೋಂದಾಯಿಸಿಕೊಳ್ಳಲೇಬೇಕು. ಆದರೆ ಇದು ಡ್ರೈವರ್‌ನ ಅಪಘಾತಕ್ಕೆ. ಮಗುವಿನ ಡೆಂಗ್ಯೂಗೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ‘ಇನ್ಶೂರೆನ್ಸ್ ಮಾಡಿಸಿದ್ದೇನೆ’ ಎಂದು ಓನರ್ ಹೇಳಿದಾಗ ಅದು ಗಾಡಿಯದೋ, ನಿಮ್ಮ ಅಪಘಾತದ್ದೋ, ಮನೆಯವರ ಚಿಕಿತ್ಸೆಯದೋ ಎಂದು ಮೂರನ್ನೂ ಬಿಡಿಸಿ ಕೇಳಿ.

ನಿಗಮ, ಇಲಾಖೆಯ ಹುದ್ದೆ

ಸೌಲಭ್ಯ ಮಾತ್ರ ನೋಡಿದರೆ ಇದಕ್ಕೆ ಸಾಟಿಯಿಲ್ಲ. ಕೆಎಸ್‌ಆರ್‌ಟಿಸಿ 2025ರ ಜನವರಿಯಲ್ಲಿ ‘ಕೆಎಸ್‌ಆರ್‌ಟಿಸಿ ಆರೋಗ್ಯ’ ಎಂಬ ನಗದುರಹಿತ ಯೋಜನೆ ತಂದಿತು; ನೌಕರರಿಂದ ತಿಂಗಳಿಗೆ ₹650 ಮುರಿದು, ಅವರಿಗೂ ಅವಲಂಬಿತರಿಗೂ ಒಪ್ಪಂದದ ಆಸ್ಪತ್ರೆಗಳಲ್ಲಿ ಚಿಕಿತ್ಸೆ. ತೊಂದರೆ ಕಾಯುವಿಕೆಯದು. 2020ರಲ್ಲಿ ಕರೆದ ಚಾಲಕ ಕಂ ನಿರ್ವಾಹಕ ಹುದ್ದೆಗಳ ನೇಮಕ ವರ್ಷಗಟ್ಟಲೆ ಎಳೆಯಿತು. ವಯೋಮಿತಿ, ಎಸ್‌ಎಸ್‌ಎಲ್‌ಸಿ, ಬ್ಯಾಡ್ಜ್ ಎಲ್ಲ ಸರಿಯಿದ್ದವರು ಅರ್ಜಿ ಹಾಕಿ. ಆದರೆ ಬರುತ್ತದೆಂದು ಇಎಸ್‌ಐ ಕೆಲಸ ಬಿಟ್ಟು ಕೂರಬೇಡಿ. ಇಲಾಖೆಗಳಲ್ಲಿ ಏಜೆನ್ಸಿ ಮೂಲಕ ಹೊರಗುತ್ತಿಗೆಗೆ ಸೇರಿದ ಡ್ರೈವರ್‌ಗೆ ಸರ್ಕಾರಿ ನೌಕರರ ಯೋಜನೆ ಅನ್ವಯಿಸುವುದಿಲ್ಲ. ಅವರು ಕೇಳಬೇಕಾದ್ದು ಮತ್ತೆ ಇಎಸ್‌ಐ ಕೋಡನ್ನೇ.

ಸ್ವಂತ ಲಾರಿ

ಓನರ್ ಆದ ದಿನ ನಿಮಗೆ ಇಎಸ್‌ಐ ಇಲ್ಲ. ಅದು ಕೆಲಸಗಾರನಿಗೆ, ಮಾಲೀಕನಿಗಲ್ಲ. ಹಿಂದಿನ ಕೆಲಸದ ವಂತಿಗೆಯ ಬಲದಿಂದ ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಜೀವನೋಪಾಯಕ್ಕೆ ತಾನೇ ಓಡಿಸುವ ಒಂದು ವಾಣಿಜ್ಯ ವಾಹನಕ್ಕೆ ಬಿಪಿಎಲ್ ನಿಯಮದಲ್ಲಿ ವಿನಾಯಿತಿ ಇದೆ. ಎರಡನೇ ಗಾಡಿ ಕೊಂಡರೆ ಅದು ಹೋಗುತ್ತದೆ.

ಹಾಗಾಗಿ ಖಾಸಗಿ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ ಪಾಲಿಸಿ) ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಗಾಡಿ ಬುಕ್ ಮಾಡುವ ತಿಂಗಳಲ್ಲಲ್ಲ, ಸಾಧ್ಯವಾದರೆ ಎರಡು ಮೂರು ವರ್ಷ ಮೊದಲೇ, ಇಎಸ್‌ಐ ಇರುವಾಗಲೇ ಸಣ್ಣ ಪಾಲಿಸಿ ಶುರುಮಾಡಿ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕ್ಲೈಮ್ ಇರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 3 ವರ್ಷ ಕಾಯಿಸಬಹುದು. ಆ ಮೂರು ವರ್ಷ ಇಎಸ್‌ಐ ನೆರಳಿನಲ್ಲೇ ಕಳೆದುಹೋಗಲಿ. ಲೈಸೆನ್ಸ್ ನವೀಕರಣಕ್ಕೆ ತೊಂದರೆಯಾದೀತೆಂದು ಸಕ್ಕರೆ ಕಾಯಿಲೆ ಮುಚ್ಚಿಡುವ ಅಭ್ಯಾಸ ಡ್ರೈವರ್‌ಗಳಲ್ಲಿದೆ. ಪಾಲಿಸಿ ಅರ್ಜಿಯಲ್ಲಿ ಹಾಗೆ ಮಾಡಿದರೆ ಕ್ಲೈಮ್ ಬರುವಾಗ ಹಳೆಯ ಔಷಧ ಚೀಟಿ ಒಂದೇ ಸಾಕು, ತಿರಸ್ಕರಿಸುತ್ತಾರೆ.

ರೂಮ್ ಬಾಡಿಗೆಯ ಮಿತಿ ನೋಡಿ ಕೊಳ್ಳಿ. ದಿನಕ್ಕೆ ₹5,000 ಮಿತಿಯಿರುವ ಪಾಲಿಸಿಯಲ್ಲಿ ₹8,000ದ ರೂಮ್ ಹಿಡಿದರೆ ಕಡಿತವಾಗುವುದು ₹3,000 ಮಾತ್ರವಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡುತ್ತಾರೆ. ಆ ಬಾಬ್ತು ₹1,60,000 ಆಗಿದ್ದರೆ ₹60,000 ನಿಮ್ಮ ಕೈಯಿಂದ. ಔಷಧ, ಇಂಪ್ಲಾಂಟ್, ಐಸಿಯುಗೆ ಈ ಕಡಿತ ಹಾಕುವಂತಿಲ್ಲ. ನೀವು ದಾರಿಯಲ್ಲಿರುವಾಗ ರೂಮ್ ಆರಿಸುವುದು ಹೆಂಡತಿಯೋ ತಮ್ಮನೋ. ಈ ಮಿತಿಯನ್ನು ಪಾಲಿಸಿ ಕಾರ್ಡಿನ ಹಿಂದೆ ಬರೆದಿಟ್ಟು ಅವರಿಗೆ ಕೊಡಿ.

ಪ್ರೀಮಿಯಂ ತಪ್ಪುವುದು ಹಣವಿಲ್ಲದ್ದಕ್ಕಿಂತ ತಾರೀಖು ಕೂಡಿಬಂದದ್ದರಿಂದ. ಗಾಡಿಯ ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಮೂರು ತಿಂಗಳ ಟ್ಯಾಕ್ಸ್, ಟೈರು ಒಂದೇ ತಿಂಗಳಲ್ಲಿ ಬಂದರೆ ಮೊದಲು ಕೈಬಿಡುವುದು ಮನೆಯವರ ಪಾಲಿಸಿಯನ್ನು, ಏಕೆಂದರೆ ಅದಿಲ್ಲದೆಯೂ ಚಕ್ರ ತಿರುಗುತ್ತದೆ. ಪಾಲಿಸಿಯ ತಾರೀಖನ್ನು ಇವುಗಳಿಂದ ದೂರದ ತಿಂಗಳಿಗೆ, ನಿಮ್ಮ ಲೈನಿನಲ್ಲಿ ಲೋಡು ಚೆನ್ನಾಗಿ ಸಿಗುವ ಕಾಲಕ್ಕೆ ಇಟ್ಟುಕೊಳ್ಳಿ. ವರ್ಷದ ಕಂತಿಗೆ 30 ದಿನ ಹೆಚ್ಚುವರಿ ಗಡುವು ಇದೆ. ಆದರೆ ಒಮ್ಮೆಗೇ ಕಟ್ಟುವ ಪಾಲಿಸಿಯಲ್ಲಿ ಆ ದಿನಗಳ ಕಾಯಿಲೆಗೆ ರಕ್ಷಣೆ ಇರುವುದಿಲ್ಲ.

ಗಾಡಿ ಪಾಲಿಸಿಯಲ್ಲಿರುವ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಲೈಸೆನ್ಸ್ ಇರುವ ಮಾಲೀಕನಿಗೆ. ನೀವು ಇಟ್ಟುಕೊಂಡ ಡ್ರೈವರ್‌ಗೆ ಅದು ತಾಗುವುದಿಲ್ಲ, ಅವರಿಗೆಂದು ಬೇರೆ ಕಂತು ಕಟ್ಟಿ. ನಾಳೆ ಅವರ ಮನೆಯವರೂ ಇದೇ ಪ್ರಶ್ನೆ ಕೇಳುತ್ತಾರೆ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ

ಡ್ರೈವರ್‌ಗಳು ಓನರ್ ಬದಲಿಸುವುದು ಸಾಮಾನ್ಯ. ಹೊಸ ಕಡೆ ಹಳೆಯ ಇಎಸ್‌ಐ ಸಂಖ್ಯೆಯನ್ನೇ ಕೊಡಿ. ಹೊಸದಾಗಿ ಮಾಡಿಸಿದರೆ ಹಿಂದಿನ ವಂತಿಗೆ ಬೇರೆ ಖಾತೆಯಲ್ಲಿ ಉಳಿದು 78 ದಿನದ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಕೆಲಸ ಬಿಡುವ ಮುನ್ನ ಈ ಅವಧಿಯಲ್ಲಿ ಎಷ್ಟು ದಿನ ಜಮೆಯಾಗಿದೆ ನೋಡಿ. 70 ಆಗಿದ್ದರೆ ಇನ್ನೊಂದು ಟ್ರಿಪ್ ಮುಗಿಸಿ ಬಿಟ್ಟರೆ ಅದಕ್ಕೆ ಸಂಬಂಧಿಸಿದ ಆರು ತಿಂಗಳ ಕಾಯಿಲೆ ಭತ್ಯೆಯ ಹಕ್ಕು ಉಳಿಯುತ್ತದೆ. ಹೆಂಡತಿಗೆ ಆರೇಳು ತಿಂಗಳಾಗಿದ್ದರೆ ಹೆರಿಗೆಯವರೆಗೆ ಇಎಸ್‌ಐ ಕೆಲಸ ಬಿಡಲೇಬೇಡಿ. ಹೊಸ ಖಾಸಗಿ ಪಾಲಿಸಿ ಆ ಹೆರಿಗೆಗೆ ಹಣ ಕೊಡುವುದಿಲ್ಲ. ನಿವೃತ್ತಿ ವಯಸ್ಸಿನವರೆಗೆ ಇಎಸ್‌ಐನಲ್ಲೇ ದುಡಿದು ಕನಿಷ್ಠ 5 ವರ್ಷ ವಂತಿಗೆ ಕಟ್ಟಿದವರು ವರ್ಷಕ್ಕೆ ₹120 ಕೊಟ್ಟು ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಐವತ್ತು ದಾಟಿದ ಡ್ರೈವರ್‌ಗೆ ಹೊಸ ಕೆಲಸ ಬಂದಾಗ ಬಾಟಾಕ್ಕಿಂತ ಮೊದಲು ನೋಡಬೇಕಾದ್ದು ಆ ಐದು ವರ್ಷದಲ್ಲಿ ಎಷ್ಟು ಬಾಕಿ ಎಂಬುದನ್ನು.